ಹದಿಹರೆಯದವರನ್ನು ಆಟಕ್ಕೆ ಕರೆದೊಯ್ಯುವ ಮುನ್ನ

"ಅಜ್ಜ, ಆಟ ಅಂದ್ರೆ ಯಾವ ಆಟ? ಕಬಡ್ಡಿಯಾ?"

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ಮೊಮ್ಮಗಳು ಹೀಗೆ ಕೇಳಿದಾಗ ನನಗೆ ಮೊದಲು ನಗು ಬಂತು. ಮರುಕ್ಷಣ ನಾಚಿಕೆಯೂ ಆಯಿತು. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ 'ಇವತ್ತು ಆಟಕ್ಕೆ ಹೋಗುವುದಾ?' ಎಂದರೆ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಅದು ಯಕ್ಷಗಾನ ಬಯಲಾಟ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನ್ನ ಸ್ವಂತ ಮೊಮ್ಮಗಳಿಗೆ ಆ ಪದದ ಅರ್ಥ ತಿಳಿಯದೆಂದರೆ ತಪ್ಪು ಅವಳದಲ್ಲ. ಯಾರದು ಎಂಬುದನ್ನು ಮುಂದೆ ಹೇಳುತ್ತೇನೆ.

ಅವಳಿಗೆ ಹದಿನೈದು ವರ್ಷ. ಒಂಬತ್ತನೆಯ ತರಗತಿ ಮುಗಿಸಿದ್ದಳು. ಬರುವಾಗ ಬಟ್ಟೆಯ ಚೀಲಕ್ಕಿಂತ ದೊಡ್ಡದಾದ ಗಿಟಾರಿನ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದಿದ್ದಳು. ಕಿವಿಗಳಲ್ಲಿ ಸದಾ ಇಯರ್‌ಫೋನ್. ಬಂದ ಮೂರು ದಿನ ಯಾರೊಡನೆಯೂ ಹೆಚ್ಚು ಮಾತಿಲ್ಲ. ನಾಲ್ಕನೆಯ ದಿನ ಅಜ್ಜಿಯ ಬಳಿ ಕಾರಣ ಹೊರಬಿತ್ತು. ಬೆಂಗಳೂರಿನ ಹೊರವಲಯದ ಬಯಲೊಂದರಲ್ಲಿ ಒಂದು ಸಂಗೀತೋತ್ಸವವಿತ್ತಂತೆ. ಹಗಲಿಡೀ ಹಾಡು, ರಾತ್ರಿಯವರೆಗೆ ವಾದ್ಯವೃಂದ. ಗೆಳತಿಯರೆಲ್ಲ ಹೋದರಂತೆ. ಇವಳಪ್ಪ, ಎಂದರೆ ನನ್ನ ಮಗ, ಕಳುಹಿಸಲಿಲ್ಲ. "ನೀವು ಬೇಕಾದರೆ ಜೊತೆಗೆ ಬನ್ನಿ ಅಂದೆ ಅಜ್ಜಿ. ಅದಕ್ಕೂ ಒಪ್ಪಲಿಲ್ಲ" ಎಂದು ಹೇಳುವಾಗ ಹುಡುಗಿಯ ಕಣ್ಣು ತುಂಬಿತ್ತು.

ನಾನು ಕೇಳಿಸದವನಂತೆ ಪತ್ರಿಕೆ ಓದುತ್ತ ಕುಳಿತಿದ್ದೆ. ಬಳಿಕ ಅಂದೆ: "ಬಯಲಿನಲ್ಲಿ ರಾತ್ರಿಯಿಡೀ ಹಾಡುವ ಉತ್ಸವ ನಮ್ಮಲ್ಲೂ ಇದೆ. ಟಿಕೇಟು ಬೇಡ. ನಾಡಿದ್ದು ಸಿದ್ಧಕಟ್ಟೆಯ ಆಚೆ ಒಂದು ಹರಕೆಯ ಆಟವಿದೆ, ಬರುತ್ತೀಯಾ?" ಆಗ ಬಂದದ್ದೇ ಆ ಕಬಡ್ಡಿಯ ಪ್ರಶ್ನೆ.

ಬಯಲಾಟವನ್ನು ಸಂಗೀತೋತ್ಸವ ಎನ್ನಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಕಡೆ ಬಯಲು ಸಂಗೀತವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಮೂಡುಬಿದಿರೆಯ ಆಳ್ವಾಸ್ ವಿರಾಸತ್. ಡಾ. ಎಂ. ಮೋಹನ ಆಳ್ವರು ಕಟ್ಟಿ ಬೆಳೆಸಿದ ಆ ಉತ್ಸವದಲ್ಲಿ ಪುತ್ತಿಗೆಪದವಿನ ವಿಶಾಲ ಬಯಲಲ್ಲಿ ಕುಳಿತು ಹಿಂದೂಸ್ತಾನಿಯನ್ನೂ ಕರ್ನಾಟಕ ಸಂಗೀತವನ್ನೂ ಚಿತ್ರಗೀತೆಯನ್ನೂ ಉಚಿತವಾಗಿ ಕೇಳಿದವರು ಸಾವಿರಾರು ಮಂದಿ. ನಾನೂ ಕೇಳಿದ್ದೇನೆ. ಆದರೆ ಅದು ಚಳಿಗಾಲದ ಉತ್ಸವ. ಧರ್ಮಸ್ಥಳದ ಲಕ್ಷದೀಪೋತ್ಸವ ಕಾರ್ತಿಕ ಮಾಸದ್ದು. ಶಾಲೆಗೆ ದೀರ್ಘ ರಜೆ ಸಿಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳ ಬಯಲನ್ನು ತುಂಬುವುದು ಬಯಲಾಟವೇ. ಮೇಳಗಳು ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಪತ್ತನಾಜೆಯೆಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24 ಅಥವಾ 25. ಅದಾದ ಮೇಲೆ ಮಳೆ, ಬೇಸಾಯ. ನಮ್ಮ ಹಿರಿಯರು ಈ ಕ್ರಮವನ್ನು ಎಷ್ಟು ಚೆನ್ನಾಗಿ ಹೊಂದಿಸಿದ್ದರೆಂದರೆ, ಮಕ್ಕಳಿಗೆ ಪುಸ್ತಕದ ಹೊರೆ ಇಲ್ಲದ ದಿನಗಳು, ಗದ್ದೆಗೆ ಪೈರಿನ ಹೊರೆ ಇಲ್ಲದ ದಿನಗಳು ಮತ್ತು ಮೇಳದ ತಿರುಗಾಟದ ಕಡೆಯ ದಿನಗಳು ಒಂದಾಗಿ ಬರುತ್ತಿದ್ದವು.

ಸಂಗೀತದ ಮಾತಿಗೆ ಬಂದರೆ, ಯಕ್ಷಗಾನವೆಂಬ ಹೆಸರಿನಲ್ಲೇ ಗಾನವಿದೆ. ವೇಷವಿಲ್ಲದೆ ತಾಳಮದ್ದಳೆ ನಡೆದೀತು, ಭಾಗವತರಿಲ್ಲದೆ ಯಾವುದೂ ನಡೆಯದು. ಇಡೀ ಕಥೆಯನ್ನು ಪದ್ಯಗಳಲ್ಲಿ ಹಾಡಿ, ಜಾಗಟೆ ಹಿಡಿದು ತಾಳವನ್ನೂ ಕಾಲವನ್ನೂ ನಿಯಂತ್ರಿಸಿ, ವೇಷಧಾರಿಯನ್ನು ಕುಣಿಸುವವರೂ ನಿಲ್ಲಿಸುವವರೂ ಅವರೇ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಮ್ಮವರೇ ಹೋದಂತೆ ಮಾತಾಡಿಕೊಂಡರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದ, ಐದು ದಿನಗಳ ದೇವಿಮಹಾತ್ಮೆ ಪ್ರಸಂಗವನ್ನೇ ರಚಿಸಿದ ಆ ಹಿರಿಯರ ಏರುಕಂಠಕ್ಕೆ 'ಬಲಿಪ ಶೈಲಿ' ಎಂಬ ಹೆಸರೇ ಬಿದ್ದಿತ್ತು. ಅವರ ಪದ ಕೇಳಲೆಂದೇ, ವೇಷದ ಕಡೆ ಕಣ್ಣೂ ಹಾಯಿಸದೆ ಕಣ್ಮುಚ್ಚಿ ಕುಳಿತಿರುತ್ತಿದ್ದ ಮುದುಕರನ್ನು ನಾನು ನೋಡಿದ್ದೇನೆ. ಇದು ಸಂಗೀತೋತ್ಸವವಲ್ಲವೆಂದರೆ ಮತ್ತಾವುದು?

ಇರಲಿ. ಮಗನಿಗೆ ಫೋನು ಮಾಡಿದೆ. ನಿರೀಕ್ಷಿಸಿದ್ದಂತೆಯೇ ಆಯಿತು.

"ಅಪ್ಪಾ, ಅವಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ತರಗತಿ ಇದೆ. ಈ ರಜೆ ಅಂದರೆ ರಜೆ ಅಲ್ಲ, ಹತ್ತನೇ ಕ್ಲಾಸಿನ ಪಾಠ ಅರ್ಧ ಈಗಲೇ ಮುಗಿಸುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟರೆ ಹೇಗೆ? ಮತ್ತೆ ಅಲ್ಲಿ ಜನಜಂಗುಳಿ, ಕತ್ತಲು, ಕುಡಿದವರು... ಹುಡುಗಿ ಬೇರೆ."

ಅವನ ಭಯಗಳಲ್ಲಿ ಯಾವುದೂ ಸುಳ್ಳಲ್ಲ. ಹೆತ್ತವರ ಆತಂಕವನ್ನು ಹಳೆಯ ಕಾಲದ ಗುಣಗಾನ ಮಾಡಿ ತಳ್ಳಿಹಾಕುವ ವೃದ್ಧರ ಸಾಲಿಗೆ ನಾನು ಸೇರಲಾರೆ. ಆದರೆ ಅವನ ದನಿಯಲ್ಲಿ ಮತ್ತೇನೋ ಇತ್ತು. ಕೊನೆಗೆ ಅವನೇ ಅಂದ: "ಅವಳನ್ನು ಕರೆದುಕೊಂಡು ಹೋಗಿ ಬೆಳಿಗ್ಗೆ ಪ್ರಶ್ನೆ ಕೇಳುತ್ತೀರಾ?"

ಓದುಗ ಮಿತ್ರರೇ, ಈ ಒಂದು ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆಯುತ್ತಿರುವುದು.

1997ರ ಬೇಸಿಗೆ. ಮಗನಿಗೆ ಆಗ ಹದಿಮೂರು. ಅವನನ್ನು ದೇವಿಮಹಾತ್ಮೆ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಕರೆದುಕೊಂಡು ಹೋದೆ ಎನ್ನುವುದಕ್ಕಿಂತ ತರಗತಿಯನ್ನೇ ಗದ್ದೆಗೆ ಹೊತ್ತುಕೊಂಡು ಹೋದೆ ಎನ್ನಬೇಕು. ಚೌಕಿಯಲ್ಲಿ ಇದು ಕಿರೀಟ, ಇದು ಭುಜಕೀರ್ತಿ ಎಂದು ಹೇಳಿಕೊಟ್ಟೆ. ಪೂರ್ವರಂಗದಿಂದಲೇ ಇದು ಯಾವ ತಾಳ, ಆ ಪದದ ಅರ್ಥವೇನು ಎಂದು ಕಿವಿಯಲ್ಲಿ ಕೊರೆಯತೊಡಗಿದೆ. ಹನ್ನೆರಡು ಗಂಟೆಯ ಹೊತ್ತಿಗೆ ಹುಡುಗ ಚಾಪೆಯ ಮೇಲೆ ನಿದ್ದೆಹೋದ. ನನಗೆ ಸಿಟ್ಟು ಬಂತು. ಒಂದು ಗಂಟೆಗೆ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ, ಸಭೆಯ ನಡುವಿನಿಂದ, ನಾವು ಕುಳಿತ ಚಾಪೆಗೆ ಮೂರು ಮಾರು ದೂರದಲ್ಲೇ ಆರ್ಭಟಿಸುತ್ತ ಹಾದುಹೋದ. ಊರಿನ ಪ್ರತಿಯೊಂದು ಮಗುವನ್ನೂ ಆ ಹೊತ್ತಿಗೆ ಎಬ್ಬಿಸುತ್ತಾರೆ. ನಾನು ಎಬ್ಬಿಸಲಿಲ್ಲ. ನಿದ್ದೆಮಾಡಿದವನಿಗೆ ತಕ್ಕ ಶಾಸ್ತಿಯಾಗಲಿ ಎಂದುಕೊಂಡೆ. ಬೆಳಿಗ್ಗೆ ಕಾಫಿ ಕುಡಿಯುವಾಗ ನೆಂಟರಿಷ್ಟರ ಎದುರಿಗೇ ಕೇಳಿದೆ: "ಹೇಳು ನೋಡುವ, ಮಹಿಷಾಸುರ ಹೇಗೆ ಬಂದ?" ಅವನು ತಲೆ ತಗ್ಗಿಸಿದ. ಎಲ್ಲರೂ ನಕ್ಕರು. ಆಮೇಲೆ ಅವನು ನನ್ನೊಂದಿಗೆ ಒಂದೇ ಒಂದು ಆಟಕ್ಕೂ ಬರಲಿಲ್ಲ. ಕರೆದಾಗಲೆಲ್ಲ ಓದುವುದಿದೆ ಎನ್ನುತ್ತಿದ್ದ. ಓದುವ ಹುಡುಗನೆಂದು ನಾನೂ ಹೆಮ್ಮೆಪಟ್ಟೆ! ಅವನ ಮಗಳಿಗೆ 'ಆಟ' ಎಂಬ ಮಾತಿನ ಅರ್ಥ ತಿಳಿಯದೆ ಹೋದದ್ದರ ಮೂಲ ಆ ಬೆಳಗಿನ ಕಾಫಿಯ ಹೊತ್ತಿನಲ್ಲಿದೆ.

ಶಾಲೆಯಲ್ಲಿಯೂ ನಾನು ಬೇರೆಯವನಾಗಿರಲಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹಿಂದಿನ ಬೆಂಚಿನ ಹುಡುಗರು ಕೆಂಗಣ್ಣು ಮಾಡಿಕೊಂಡು ಬಂದರೆ ಹಿಂದಿನ ರಾತ್ರಿ ಎಲ್ಲೋ ಆಟವಿತ್ತೆಂದೇ ಲೆಕ್ಕ. ನಿಲ್ಲಿಸಿ ಬೈಯುತ್ತಿದ್ದೆ. ಒಬ್ಬ ಹುಡುಗ ಮಾತ್ರ ನಿಂತಲ್ಲಿಯೂ ಡೆಸ್ಕಿನ ಅಂಚಿನಲ್ಲಿ ಬೆರಳಾಡಿಸುತ್ತಿದ್ದ. ಉದ್ಧಟತನವೆಂದು ತಿಳಿದು ಬೆತ್ತದ ರುಚಿ ತೋರಿಸಿದ್ದೆ. ಅವನು ಮದ್ದಳೆಯ ನಡೆಯನ್ನು ಬಾರಿಸುತ್ತಿದ್ದನೆಂದು ವರ್ಷಗಳ ಬಳಿಕ ಅವನೇ ಹೇಳಿ ನಕ್ಕ. ಛಂದಸ್ಸಿನ ಮಾತ್ರೆಗಣವನ್ನು ಕರಿಹಲಗೆಯ ಮೇಲೆ ಬರೆದು ಬರೆದು ಸುಣ್ಣದ ಕಡ್ಡಿ ಸವೆಸಿದ ನಾನು, ಅದೇ ಮಾತ್ರೆಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವನನ್ನು ದಂಡಿಸಿದ್ದೆ. ಬಿ.ಎಡ್. ತರಬೇತಿಯಲ್ಲಿ 'ತಿಳಿದಿರುವುದರಿಂದ ತಿಳಿಯದಿರುವುದರೆಡೆಗೆ' ಎಂಬ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದವನು ನಾನು.

ಆದುದರಿಂದ ಮಗನಿಗೆ ಮಾತು ಕೊಟ್ಟೆ: "ಪ್ರಶ್ನೆ ಕೇಳುವುದಿಲ್ಲ. ಅಮ್ಮನೂ ಬರುತ್ತಾಳೆ. ಅವಳಿಗೆ ಸಾಕೆನಿಸಿದರೆ ಯಾವ ಹೊತ್ತಿಗಾದರೂ ವಾಪಸು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು" ಎಂದ.

ಸಂಜೆ ಗುರುತಿನವರ ಜೀಪಿನಲ್ಲಿ ಹೊರಟೆವು. ಚಾಪೆ ಎರಡು, ಹೊದಿಕೆ ಒಂದು, ನೀರಿನ ಬಾಟಲಿಗಳು, ಒಂದು ಕೊಡೆ. ಮೇ ತಿಂಗಳ ಸೆಕೆ ಹೇಗಿರುತ್ತದೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮೂಡು ದಿಕ್ಕಿನಲ್ಲಿ, ಬೆಳ್ತಂಗಡಿಯ ಆಚೆ ಘಟ್ಟದ ಮೇಲೆ ಆಗೀಗ ಮಿಂಚುತ್ತಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಸಜ್ಜಾಗಿತ್ತು. ಗದ್ದೆಯ ಹುಣಿಯುದ್ದಕ್ಕೂ ಚರುಮುರಿ, ಐಸ್‌ಕ್ರೀಮು, ಬಲೂನು, ಬಳೆಗಳ ಅಂಗಡಿಗಳು. ಊಟದ ಚಪ್ಪರದಲ್ಲಿ ಜಾತಿ, ಅಂತಸ್ತು ಕೇಳದೆ ಬಂದವರಿಗೆಲ್ಲ ಊಟ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ, ಕೇಳಿ ಬಾರಿಸಿದ ಚೆಂಡೆಯ ಸದ್ದು ಕೇಳಿ ಮೊಮ್ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಆದರೆ ಕೂಡಲೇ ಮತ್ತೆ ಸಿಕ್ಕಿಸಿಕೊಂಡಳು. ನಾನು ಏನನ್ನೂ ಹೇಳಲಿಲ್ಲ. ಹೇಳದೆ ಇರುವುದು ನಿವೃತ್ತ ಮೇಷ್ಟ್ರಿಗೆ ಎಷ್ಟು ಕಷ್ಟವೆಂಬುದು ನಿವೃತ್ತ ಮೇಷ್ಟ್ರುಗಳಿಗೇ ಗೊತ್ತು.

ಹತ್ತು ಗಂಟೆಯವರೆಗೆ ಅವಳು ಮೊಬೈಲು ನೋಡಿದಳು. ಹನ್ನೊಂದಕ್ಕೆ ಅಜ್ಜಿಯ ಜೊತೆಗೆ ಹೋಗಿ ಚರುಮುರಿ ತಂದಳು. ಬ್ರಹ್ಮನ ಸಭೆ ಮುಗಿದು ಮಧುಕೈಟಭರ ಪ್ರವೇಶದ ಹೊತ್ತಿಗೆ ಯಾರೂ ಕೇಳದೆಯೇ ಅಂದಳು: "ಅಜ್ಜ, ಇದು ಏಳರ ಲೆಕ್ಕದಲ್ಲಿ ಹೋಗ್ತಾ ಇದೆ ಅಲ್ವಾ?" ತೊಡೆಯ ಮೇಲೆ ಬೆರಳಿನಿಂದ ಎಣಿಸಿ ತೋರಿಸಿದಳು. ಮೂರು, ಎರಡು, ಎರಡು. ಅದು ತ್ರಿವುಡೆ. ತ್ರಿವುಡೆಯೆಂದು ನಾನು ಹೆಸರನ್ನಷ್ಟೇ ಹೇಳಿದೆ. ಅವಳ ಗಿಟಾರಿನ ಗುರುಗಳು ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ತಂಡದ 1973ರ 'ಮನಿ' ಎಂಬ ಹಾಡನ್ನು ಕಲಿಸುವಾಗ ಏಳರ ಲೆಕ್ಕವನ್ನು ರೂಢಿ ಮಾಡಿಸಿದ್ದರಂತೆ. ಅದು ಕಷ್ಟವೆಂದು ತರಗತಿಯಲ್ಲಿ ಎಲ್ಲರೂ ಗೊಣಗಿದ್ದರಂತೆ. "ಇಲ್ಲಿ ಆ ಚಿಕ್ಕ ಹುಡುಗರು ಕೂಡ ಕಾಲಲ್ಲಿ ಅದನ್ನೇ ಹಾಕ್ತಾ ಇದ್ದಾರೆ!" ಎಂದು ಚಾಪೆಯ ಅಂಚಿನಲ್ಲಿ ಕುಣಿಯುತ್ತಿದ್ದ ಎರಡು ಪುಟ್ಟ ಮಕ್ಕಳನ್ನು ತೋರಿಸಿದಳು. ನಾನು 1997ರಲ್ಲಿ ಕಿವಿಯಲ್ಲಿ ಕೊರೆದೂ ತುಂಬಿಸಲಾಗದಿದ್ದದ್ದನ್ನು ಈ ಹುಡುಗಿ ತಾನಾಗಿ ಕಂಡುಕೊಂಡಿದ್ದಳು, ಅದೂ ನನಗೆ ಪರಿಚಯವೇ ಇಲ್ಲದ ಒಂದು ಹಾಡಿನ ಸಹಾಯದಿಂದ.

"ಹುಡುಗಿಯರು ಇಲ್ಲಿ ಹಾಡುವುದಿಲ್ವಾ?" ಇದು ಅವಳ ಇನ್ನೊಂದು ಪ್ರಶ್ನೆ. ಲೀಲಾವತಿ ಬೈಪಾಡಿತ್ತಾಯರ ಹೆಸರನ್ನು ಹೇಳಿದೆ. ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರು ಅವರು. ಗಂಡಸರೇ ತುಂಬಿದ್ದ ಮೇಳಗಳಲ್ಲಿ ಪತಿ ಹರಿನಾರಾಯಣ ಬೈಪಾಡಿತ್ತಾಯರ ಜೊತೆಗೆ ರಾತ್ರಿ ರಾತ್ರಿ ತಿರುಗಾಟ ಮಾಡಿ ಹಾಡಿದವರು. 2024ರ ಡಿಸೆಂಬರಿನಲ್ಲಿ ನಿಧನರಾದರು. ಮೊಮ್ಮಗಳು ಆ ಕ್ಷಣವೇ ಮೊಬೈಲಿನಲ್ಲಿ ಅವರ ಹಾಡನ್ನು ಹುಡುಕಿ, ಬೆಂಗಳೂರಿಗೆ ಹೋದ ಮೇಲೆ ಕೇಳಲೆಂದು ಗುರುತು ಹಾಕಿಟ್ಟುಕೊಂಡಳು. ಮೊಬೈಲು ಕೆಟ್ಟದ್ದೆಂದು ಭಾಷಣ ಮಾಡುತ್ತಿದ್ದ ನನ್ನ ಬಾಯಿ ಕಟ್ಟಿತು.

ಹನ್ನೆರಡೂವರೆಗೆ ಅವಳಿಗೂ ನಿದ್ದೆ ಬಂತು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಗದ್ದೆಯ ಹಿಂಬದಿಯಲ್ಲಿ ದೊಂದಿಗಳು ಹೊತ್ತಿಕೊಂಡಾಗ ನಾನು ಅವಳ ಭುಜ ತಟ್ಟಿ ಎಬ್ಬಿಸಿದೆ. ಕಣ್ಣುಜ್ಜಿಕೊಳ್ಳುತ್ತ ಎದ್ದು ಕುಳಿತವಳ ಪಕ್ಕದಲ್ಲೇ ಕೋಡು ಹೊತ್ತ ಮಹಿಷ, ರಾಳದ ಪುಡಿ ಭುಗ್ಗೆಂದು ಉರಿಯುವ ಬೆಳಕಿನಲ್ಲಿ, ನೆಲ ಗುದ್ದುತ್ತ ಹಾದುಹೋದ. ಅವಳು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹದಿನೈದು ವರ್ಷದ ಮಕ್ಕಳು ಅಜ್ಜನ ತೋಳು ಹಿಡಿಯುವ ಸಂದರ್ಭಗಳು ಕಡಿಮೆ. ನಾನು ಆ ಹೊತ್ತಿನಲ್ಲಿ ಮಹಿಷನನ್ನು ಸರಿಯಾಗಿ ನೋಡಲಿಲ್ಲ ಎಂಬುದು ಸತ್ಯ.

ಮೂರೂವರೆಯ ಹೊತ್ತಿಗೆ ಘಟ್ಟದ ಕಡೆಯ ಮಿಂಚು ಹತ್ತಿರವಾಯಿತು. ಗಾಳಿ ಬೀಸಿ ಕರೆಂಟು ಹೋಯಿತು. ದೀಪವೂ ಮೈಕೂ ಒಮ್ಮೆಲೇ ನಿಂತವು. ಜನರೇಟರು ಹೊತ್ತಿಕೊಳ್ಳಲು ಐದು ನಿಮಿಷವಾದರೂ ಆಗಿರಬೇಕು. ಭಾಗವತರು ನಿಲ್ಲಿಸಲಿಲ್ಲ. ದೊಂದಿಯ ಬೆಳಕಿನಲ್ಲಿ, ಬರಿಯ ಕಂಠದಲ್ಲಿ, ಪದ ಮುಂದುವರಿಯಿತು. ಅಷ್ಟು ಹೊತ್ತು ಧ್ವನಿವರ್ಧಕದಲ್ಲಿ ಮುಚ್ಚಿಹೋಗಿದ್ದ ಮದ್ದಳೆಯ ಬೆರಳಿನ ನುಡಿ ಸ್ಪಷ್ಟವಾಗಿ ಕೇಳಿಸಿತು. ಗದ್ದೆಯಿಡೀ ಸದ್ದಿಲ್ಲದೆ ಕೇಳುತ್ತಿತ್ತು. ಕರೆಂಟು ಬಂದಾಗ ಮೊಮ್ಮಗಳು ಪಿಸುಗುಟ್ಟಿದಳು: "ಅಯ್ಯೋ, ಯಾಕೆ ಬಂತು?"

ಈ ಮಾತಿನಿಂದಲೇ ನನ್ನ ಕೆಲವು ಅಭಿಪ್ರಾಯಗಳನ್ನು ಹೇಳಲು ದಾರಿಯಾಗುತ್ತದೆ.

ಮೊದಲನೆಯದು ಸದ್ದಿನ ಬಗ್ಗೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಕೆಲವು ಮೇಳಗಳು ಆಟವನ್ನು ನಡುರಾತ್ರಿಗೆ ಮುಗಿಸುವ ಕಾಲಮಿತಿಗೆ ಬದಲಾದದ್ದಕ್ಕೆ ಇದೂ ಒಂದು ಕಾರಣ. ಈ ವಿಚಾರದಲ್ಲಿ ಕಾನೂನನ್ನು ಬೈಯುವವರನ್ನೇ ಹೆಚ್ಚಾಗಿ ಕಾಣುತ್ತೇನೆ. ನನ್ನ ಅಭಿಪ್ರಾಯ ಬೇರೆ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿರಬಹುದು, ಹಸುಗೂಸಿರಬಹುದು. ಆಟವು ಗದ್ದೆಯಲ್ಲಿ ಕುಳಿತವರಿಗೆ ಕೇಳಿಸಿದರೆ ಸಾಲದೇ? ಮೂರು ಗುಡ್ಡದಾಚೆಗೂ ಕೇಳಬೇಕೇ? ಮೈಕಿಲ್ಲದ ಕಾಲದಲ್ಲಿ ಬಯಲಾಟ ಬದುಕಿತ್ತು, ಬೆಳೆದಿತ್ತು. ಮಹಿಷನ ಪ್ರವೇಶಕ್ಕೆ ಬ್ಯಾಂಡು, ಸಿಡಿಮದ್ದು ಸೇರಿಸುವ ಹೊಸ ಚಾಳಿಯಂತೂ ಚೆಂಡೆಗೇ ಅವಮಾನ. ಎಳೆಯರ ಕಿವಿಯ ಪ್ರಶ್ನೆಯೂ ಇದೆ. ಸಂಗೀತ ಸಭೆಗಳ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆ. ನಾವು ಧ್ವನಿಪೆಟ್ಟಿಗೆಗಳಿಂದ ದೂರ, ಹಿಮ್ಮೇಳ ಚೆನ್ನಾಗಿ ಕಾಣುವ ಕಡೆ ಚಾಪೆ ಹಾಸಿದ್ದೆವು. ಎಲ್ಲರೂ ಹೀಗೆ ಮಾಡುವುದೊಳ್ಳೆಯದು.

ಎರಡನೆಯದು ಹೆಣ್ಣುಮಕ್ಕಳ ಅನುಕೂಲ. ಸ್ವಾಗತ ಕಮಾನಿಗೂ ಬಣ್ಣದ ದೀಪಕ್ಕೂ ಧಾರಾಳವಾಗಿ ಖರ್ಚು ಮಾಡುವಲ್ಲಿ ಹೆಂಗಸರಿಗೊಂದು ಶೌಚಾಲಯದ ವ್ಯವಸ್ಥೆ ಇರಲಿಲ್ಲ. ಅಜ್ಜಿ ಮೊಮ್ಮಗಳು ನಡುರಾತ್ರಿಯಲ್ಲಿ ಟಾರ್ಚು ಹಿಡಿದು ಪರಿಚಯವಿಲ್ಲದ ಮನೆಯೊಂದರ ಬಾಗಿಲು ತಟ್ಟಬೇಕಾಯಿತು. ಆ ಮನೆಯವರು ದೊಡ್ಡ ಮನಸ್ಸಿನವರು, ಕಾಫಿಯನ್ನೂ ಕೊಟ್ಟರಂತೆ. ಆದರೆ ಇದು ಮನೆಯವರ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ. ಎರಡು ಕಮಾನು ಕಡಿಮೆಯಾದರೆ ದೇವಿ ಮುನಿಯಲಾರಳು.

ಮೂರನೆಯದು ಮರಳುವ ದಾರಿ. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ವಾಹನ ಓಡಿಸುವುದು ಅಪಾಯ. ಹದಿನೆಂಟು ತುಂಬದ ಹುಡುಗರ ಕೈಗೆ ಬೈಕು ಕೊಟ್ಟು ಆಟಕ್ಕೆ ಕಳುಹಿಸುವ ತಂದೆತಾಯಂದಿರನ್ನು ನಾನು ಬಲ್ಲೆ. ಅದು ಸ್ವಾತಂತ್ರ್ಯ ಕೊಡುವುದಲ್ಲ. ನಮ್ಮ ಚಾಲಕ ಮಹಾಶಯ ಊಟ ಮಾಡಿ ಜೀಪಿನಲ್ಲೇ ಮಲಗಿ ಮಂಗಳದ ಹೊತ್ತಿಗೆ ಎದ್ದವನು. ಅವನಿಗೆ ಆಟದ ಹುಚ್ಚಿಲ್ಲ, ಹಾಗಾಗಿ ನಾವು ಸುರಕ್ಷಿತ!

ಇವೆಲ್ಲ ವ್ಯವಸ್ಥೆಯ ಮಾತುಗಳಾದವು. ಮುಖ್ಯವಾದ ಮಾತು ಬೇರೆ. ಇಂದಿನ ತಂದೆತಾಯಂದಿರಿಗೆ ಕಾಣುವುದು ಎರಡೇ ದಾರಿ. ಒಂದು, ಬೇಡವೆನ್ನುವುದು. ಇನ್ನೊಂದು, ಹಣ ಕೊಟ್ಟು ಕಳುಹಿಸಿ ಬೆಳಗಿನವರೆಗೆ ಮೊಬೈಲಿಗೆ ಕರೆಮಾಡುತ್ತ ಕೂರುವುದು. ಜೊತೆಗೆ ಹೋಗಿ ಕೂರುವುದೆಂಬ ಮೂರನೆಯ ದಾರಿಯನ್ನು ನಾವು ಮರೆತಿದ್ದೇವೆ. ಹಿಂದೆ ಆಟಕ್ಕೆ ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರೂ ಸೂಟೆಯ ಬೆಳಕಿನಲ್ಲಿ ಒಟ್ಟಿಗೆ ನಡೆಯುತ್ತಿದ್ದರು. ಎಳೆಯರು ಗುಂಪಾಗಿ ಮುಂದೆ ಕೂರುತ್ತಿದ್ದರು, ಹಿರಿಯರು ಹಿಂದೆ. ಕಣ್ಣಳತೆಯಲ್ಲಿ ಬಿಡುಗಡೆ ಇತ್ತು. 1969ರ ಆಗಸ್ಟಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹೈನುಗಾರನ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ಸುಮಾರು ನಾಲ್ಕು ಲಕ್ಷ ಜನ ಸೇರಿದ್ದರು. ನಮ್ಮ ಪಂಡಿತ್ ರವಿಶಂಕರರು ಅಲ್ಲಿ ಮಳೆಯ ನಡುವೆ ಸಿತಾರ್ ನುಡಿಸಿದರು. ಬಯಲು, ಇರುಳು, ಸಂಗೀತ, ಸಮವಯಸ್ಕರ ಗುಂಪು, ಇವುಗಳ ಸೆಳೆತ ಎಲ್ಲ ದೇಶದ ಹದಿಹರೆಯಕ್ಕೂ ಸಹಜ. ಆ ಸೆಳೆತವನ್ನು ತಡೆಯುವುದಾಗದು. ಅದರ ಪಕ್ಕದಲ್ಲಿ ಒಂದು ಚಾಪೆ ಹಾಸಿಕೊಂಡು ಕುಳಿತುಕೊಳ್ಳುವುದು ಆಗುತ್ತದೆ.

ಕುಳಿತ ಮೇಲೆ ಪಾಠ ಮಾಡಬಾರದು. ಸಂಸ್ಕೃತಿಯನ್ನು ಉಳಿಸಬೇಕೆಂಬ ಹೊರೆಯನ್ನು ಮಗುವಿನ ತಲೆಗೆ ಹೊರಿಸಬಾರದು. ಮಕ್ಕಳು ಆಟಕ್ಕೆ ಬರುವುದು ಆಟವನ್ನು ಉದ್ಧಾರ ಮಾಡುವುದಕ್ಕಲ್ಲ. ಬೇಸರವಾದರೆ ಬೇಸರಪಡಲಿ, ನಿದ್ದೆ ಬಂದರೆ ಮಲಗಲಿ. ಮಹಿಷ ಬರುವಾಗ ಎಬ್ಬಿಸಿದರೆ ಸಾಕು. ಹಾಗೆಯೇ, ವರ್ಷಕ್ಕೆ ಒಂದು ಬೆಳಗಿನ ಆನ್‌ಲೈನ್ ತರಗತಿ ತಪ್ಪಿದರೆ ಮಗುವಿನ ಭವಿಷ್ಯ ಮುಳುಗುವುದಿಲ್ಲವೆಂದು ಸಾವಿರಾರು ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಂಡ ಈ ಮೇಷ್ಟ್ರ ಮಾತನ್ನು ನಂಬಬಹುದು. ಬೇಸಿಗೆಯ ರಜೆಯನ್ನು ಪೂರ್ತಿಯಾಗಿ ಮುಂದಿನ ವರ್ಷದ ಪಾಠಕ್ಕೆ ಅಡವಿಡುವುದು ಮಾತ್ರ ನನ್ನ ದೃಷ್ಟಿಯಲ್ಲಿ ಮಕ್ಕಳಿಗೆ ಮಾಡುವ ಅನ್ಯಾಯ.

ಬೆಳಿಗ್ಗೆ ಆರೂವರೆಗೆ ಮನೆ ತಲುಪಿದೆವು. ಮೊಮ್ಮಗಳು ಹಾಸಿಗೆಗೆ ಬಿದ್ದವಳು ಮಧ್ಯಾಹ್ನದ ಊಟಕ್ಕೇ ಎದ್ದದ್ದು. ಹನ್ನೊಂದರ ಹೊತ್ತಿಗೆ ಮಗನ ಫೋನು ಬಂತು. ತರಗತಿಯ ಬಗ್ಗೆ ಕೇಳುತ್ತಾನೆಂದುಕೊಂಡೆ. "ಮಹಿಷ ಬರುವಾಗ ಅವಳನ್ನು ಎಬ್ಬಿಸಿದಿರಾ?" ಎಂದ.

"ಎಬ್ಬಿಸಿದೆ" ಎಂದೆ. ಮುಂದೇನು ಹೇಳಬೇಕೆಂದು ತೋಚಲಿಲ್ಲ. ತಡೆದು ತಡೆದು, "ನಿನ್ನನ್ನೂ ಎಬ್ಬಿಸಬೇಕಿತ್ತು" ಎಂದೆ. ಇಪ್ಪತ್ತೆಂಟು ವರ್ಷ ತಡವಾಗಿ. ಅವನು ಏನೂ ಅನ್ನಲಿಲ್ಲ. ಮಳೆ ಬಂತಾ ಎಂದು ಕೇಳಿದ. ಇಲ್ಲ, ಗಾಳಿ ಮಾತ್ರ ಎಂದೆ. ಫೋನು ಇಟ್ಟ.

ಮೊಮ್ಮಗಳು ಎದ್ದವಳೇ ಗಂಜಿಯ ಬಟ್ಟಲಿನ ಮುಂದೆ ಕುಳಿತು ಕೇಳಿದಳು: "ಅಜ್ಜ, ನಿಮ್ಮ ಆಟಕ್ಕೆ ನಾನು ಬಂದೆ. ಮುಂದಿನ ಸಲ ಬೆಂಗಳೂರಲ್ಲಿ ನನ್ನ ಸಂಗೀತೋತ್ಸವ ಆಗುವಾಗ ನೀವು ಬರ್ತೀರಾ? ನೀವು ಬಂದ್ರೆ ಅಪ್ಪ ಬೇಡ ಅನ್ನುವುದಿಲ್ಲ."

ನ್ಯಾಯವಾದ ಪ್ರಶ್ನೆ. ಅವರು ನಮ್ಮದನ್ನು ಕೇಳಬೇಕು, ಅವರದು ಮಾತ್ರ ಗದ್ದಲ ಎನ್ನುವ ನಮ್ಮ ವಾದ ಹುಳುಕಾದದ್ದು. ಒಪ್ಪಿಕೊಂಡಿದ್ದೇನೆ. ಅಲ್ಲಿ ಯಾವ ಹಾಡು, ಯಾವ ತಾಳವೆಂದು ನನಗೆ ಯಾರೂ ಪಾಠ ಮಾಡಬಾರದು, ನಿದ್ದೆ ಬಂದರೆ ಮಲಗಲು ಬಿಡಬೇಕು ಎಂದು ಷರತ್ತು ಹಾಕಿದ್ದೇನೆ. ಮುಖ್ಯವಾದದ್ದು ಬರುವಾಗ ಎಬ್ಬಿಸುತ್ತೇನೆಂದು ಅವಳೂ ಮಾತು ಕೊಟ್ಟಿದ್ದಾಳೆ. ಕಿವಿಗಿಡಲು ಹತ್ತಿಯ ಉಂಡೆಯನ್ನು ಮನೆಯಾಕೆ ಈಗಲೇ ತೆಗೆದಿರಿಸಿದ್ದಾಳೆ.